ತಿಂದದ್ದಕ್ಕೆ ಹಲ್ಲೇ ಸಾಕ್ಷಿ

ಮನುಷ್ಯ ಮೂಲತಃ ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂಬ ವಾದ ಎಲ್ಲಿ ಎದ್ದರೂ ಎರಡೂ ಪಕ್ಷದವರು ಹಲ್ಲನ್ನೇ ಸಾಕ್ಷಿಗೆ ಕರೆಯುತ್ತಾರೆ. ಕೋರೆಹಲ್ಲು ಇರುವುದೇ ಮಾಂಸ ಹರಿಯಲಿಕ್ಕೆ ಎನ್ನುತ್ತದೆ ಒಂದು ಪಕ್ಷ. ಅಗಲವಾದ ದವಡೆಹಲ್ಲು ಇರುವುದೇ ಕಾಳುಕಡ್ಡಿ ಅರೆಯಲಿಕ್ಕೆ ಎನ್ನುತ್ತದೆ ಇನ್ನೊಂದು. ಈಚೆಗೆ ಈ ವಾದ ಆರೋಗ್ಯದ ಸಲಹೆಯ ರೂಪವನ್ನೂ ತಾಳಿದೆ. ಅಮೆರಿಕದ ಲೋರೆನ್ ಕಾರ್ಡೈನ್ 2002ರಲ್ಲಿ 'ದಿ ಪೇಲಿಯೋ ಡಯಟ್' ಪುಸ್ತಕ ತಂದ ಮೇಲೆ, ಶಿಲಾಯುಗದವರು ತಿಂದದ್ದನ್ನೇ ನಾವೂ ತಿನ್ನಬೇಕು, ಧಾನ್ಯ, ಬೇಳೆ, ಹಾಲು ಬಿಡಬೇಕು ಎಂಬ ಮಾತು ನಮ್ಮ ನಗರಗಳವರೆಗೂ ಬಂದು ಮುಟ್ಟಿದೆ.

ಈ ವಾದಗಳ ಬುಡದಲ್ಲಿರುವ ತಪ್ಪು ಒಂದೇ. ಅವು ಹಲ್ಲಿನ ಆಕಾರವನ್ನು ನೋಡುತ್ತವೆ, ಸವೆತವನ್ನು ನೋಡುವುದಿಲ್ಲ. ಒಂದು ಪ್ರಾಣಿ ಏನನ್ನು ತಿನ್ನಬಲ್ಲದು ಎಂಬುದನ್ನು ಆಕಾರ ಹೇಳುತ್ತದೆ. ಅದು ನಿಜಕ್ಕೂ ಏನು ತಿಂದಿತು ಎಂಬುದನ್ನು ಹೇಳುವುದು ಸವೆತ. ಗಂಡು ಗೊರಿಲ್ಲಾದ ಕೋರೆಹಲ್ಲುಗಳನ್ನಷ್ಟೇ ಕಂಡವರು ಅದನ್ನು ಹುಲಿಯ ಜಾತಿಗೆ ಸೇರಿಸಿಯಾರು. ಅದು ತಿನ್ನುವುದು ಸೊಪ್ಪು, ದಂಟು, ಹಣ್ಣು. ಆ ಕೋರೆ ಇರುವುದು ಎದುರಾಳಿ ಗಂಡನ್ನು ಹೆದರಿಸಲಿಕ್ಕೆ. ಕೋರೆಹಲ್ಲಿನಿಂದ ಮಾಂಸಾಹಾರವನ್ನು ಸಾಧಿಸುವ ವಾದ ಗೊರಿಲ್ಲಾದ ಮುಂದೆಯೇ ಬಿದ್ದುಹೋಗುತ್ತದೆ. ಅಗಲವಾದ ದವಡೆಹಲ್ಲಿನ ವಾದವೂ ಅಷ್ಟೇ ದುರ್ಬಲ ಎಂದು ತೋರಿಸಿದ್ದು ಆಫ್ರಿಕದ ಒಂದು ತಲೆಬುರುಡೆ.

1959ರ ಜುಲೈ ತಿಂಗಳಲ್ಲಿ ತಾಂಜಾನಿಯಾದ ಓಲ್ಡುವಾಯಿ ಕಣಿವೆಯಲ್ಲಿ ಮೇರಿ ಲೀಕಿ ಅವರಿಗೆ ಸುಮಾರು 17.5 ಲಕ್ಷ ವರ್ಷ ಹಳೆಯದಾದ ಒಂದು ಬುರುಡೆ ಸಿಕ್ಕಿತು. ನೆತ್ತಿಯ ಉದ್ದಕ್ಕೂ ಎದ್ದುನಿಂತ ಮೂಳೆಯ ಏಣು, ಅದಕ್ಕೆ ಅಂಟಿಕೊಂಡಿದ್ದಿರಬೇಕಾದ ಭಾರಿ ಸ್ನಾಯುಗಳು, ದಪ್ಪ ಎನಾಮೆಲ್‌ ಹೊದ್ದ, ನಮ್ಮ ದವಡೆಹಲ್ಲುಗಳನ್ನು ಪುಟ್ಟದಾಗಿಸುವಂಥ ಹಲ್ಲುಗಳು. ಇಂದು ಇದನ್ನು ಪ್ಯಾರಾಂತ್ರೋಪಸ್ ಬಾಯ್ಸಿ ಎಂದು ಕರೆಯುತ್ತಾರೆ. ಇದು ನಮ್ಮ ನೇರ ಪೂರ್ವಜನಲ್ಲ, ನಮ್ಮ ವಂಶವೃಕ್ಷದ ಪಕ್ಕದ ಕೊಂಬೆ. ಇಂಥ ಬಾಯಿ ಗಟ್ಟಿ ಕಾಯಿ ಒಡೆಯಲಿಕ್ಕಲ್ಲದೆ ಮತ್ತೇಕೆ ಎಂದು ಎಲ್ಲರೂ ಒಪ್ಪಿದರು. 'ಕಾಯಿ ಒಡೆಯುವ ಮನುಷ್ಯ' ಎಂಬ ಅಡ್ಡಹೆಸರೂ ಬಿತ್ತು. ಸುಮಾರು ಅರ್ಧ ಶತಮಾನ ಪಠ್ಯಪುಸ್ತಕಗಳು ಇದನ್ನೇ ಹೇಳಿದವು.

2008ರಲ್ಲಿ ಪೀಟರ್ ಉಂಗಾರ್, ಫ್ರೆಡರಿಕ್ ಗ್ರೈನ್ ಮತ್ತು ಮಾರ್ಕ್ ಟೀಫರ್ಡ್ ಈ ಜೀವಿಯ ಹಲ್ಲುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಗಟ್ಟಿ ಕಾಯಿ, ಬೀಜ ಒಡೆಯುವ ಪ್ರಾಣಿಯ ಹಲ್ಲಿನ ಮೇಲೆ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಹುಲ್ಲಿನಂಥ ಗಡುಸು ಎಲೆ ಅಗಿಯುವ ಪ್ರಾಣಿಯ ಹಲ್ಲಿನ ಮೇಲೆ ಒಂದೇ ದಿಕ್ಕಿಗೆ ಓಡುವ ಗೀರುಗಳಿರುತ್ತವೆ. ಬಾಯ್ಸಿಯ ಹಲ್ಲಿನಲ್ಲಿ ಗುಳಿಗಳು ಕಾಣಲಿಲ್ಲ, ಬರೀ ತೆಳು ಗೀರುಗಳು ಕಂಡವು. ಅಷ್ಟು ದೊಡ್ಡ ಬಾಯಿಯ ಜೀವಿ ಸಾಯುವ ಮುಂಚಿನ ದಿನಗಳಲ್ಲಿ ಗಟ್ಟಿ ಕಾಯಿಯನ್ನು ಕಚ್ಚಿರಲಿಲ್ಲ. ಅದೂ ಒಂದು ಹಲ್ಲಿನಲ್ಲಿ ಆಕಸ್ಮಿಕವಾಗಿ ಕಂಡದ್ದಲ್ಲ. ಇಥಿಯೋಪಿಯಾ, ಕೆನ್ಯಾ, ತಾಂಜಾನಿಯಾಗಳ ಬೇರೆ ಬೇರೆ ಕಾಲದ ಏಳು ಜೀವಿಗಳ ಹಲ್ಲುಗಳು ಇದೇ ಮಾತು ಹೇಳಿದವು. ಇದರ ಸೋದರ ಪ್ರಭೇದವೆನ್ನಬಹುದಾದ ದಕ್ಷಿಣ ಆಫ್ರಿಕದ ಪ್ಯಾರಾಂತ್ರೋಪಸ್ ರೊಬಸ್ಟಸ್‌ನ ಹಲ್ಲುಗಳಲ್ಲಿ ಮಾತ್ರ ಗುಳಿಗಳು ಸಾಕಷ್ಟಿವೆ. ದವಡೆ ಹೆಚ್ಚುಕಡಿಮೆ ಒಂದೇ, ತಿಂದದ್ದು ಬೇರೆ.

ಮೂರು ವರ್ಷಗಳ ನಂತರ ಇನ್ನೊಂದು ಸಾಕ್ಷಿ ಬಂತು. ಇದನ್ನು ಕನ್ನಡನಾಡಿನವರು ಬೇಗ ಹಿಡಿಯಬಲ್ಲರು. ಗಿಡಗಳು ಗಾಳಿಯಿಂದ ಇಂಗಾಲ ಹೀರುವ ಬಗೆ ಒಂದೇ ಅಲ್ಲ. ರಾಗಿ, ಜೋಳ, ನವಣೆ, ಕಬ್ಬು ಒಂದು ಬಗೆಯವು. ಭತ್ತ, ಗೋಧಿ, ಬೇಳೆಕಾಳು, ಹೆಚ್ಚಿನ ಹಣ್ಣು ತರಕಾರಿ ಇನ್ನೊಂದು ಬಗೆಯವು. ಮೊದಲ ಬಗೆಯ ಗಿಡಗಳಲ್ಲಿ ಇಂಗಾಲದ ಭಾರವಾದ ಐಸೊಟೋಪು ತುಸು ಹೆಚ್ಚಿರುತ್ತದೆ. ತಿಂದವರ ಹಲ್ಲು ಬೆಳೆಯುವಾಗ ಆ ವ್ಯತ್ಯಾಸ ಎನಾಮೆಲ್‌ನಲ್ಲಿ ಸೇರಿ ಉಳಿಯುತ್ತದೆ. ಎಳವೆಯಲ್ಲಿ ಮುದ್ದೆ ಉಂಡು ಬೆಳೆದವರನ್ನೂ ಅನ್ನ ಉಂಡು ಬೆಳೆದವರನ್ನೂ ಹಲ್ಲಿನ ರಸಾಯನದಿಂದ ಬೇರ್ಪಡಿಸಬಹುದು. ಥೂರ್ ಸರ್ಲಿಂಗ್ ಮತ್ತು ಸಂಗಡಿಗರು 2011ರಲ್ಲಿ ಕೆನ್ಯಾದ ಬಾಯ್ಸಿ ಹಲ್ಲುಗಳನ್ನು ಹೀಗೆ ಪರೀಕ್ಷಿಸಿದಾಗ, ಅದರ ಆಹಾರದ ಸರಾಸರಿ ಶೇ. 77 ಭಾಗ ಮೊದಲ ಬಗೆಯ ಸಸ್ಯಗಳಿಂದ, ಎಂದರೆ ಹುಲ್ಲು ಅಥವಾ ಜೇಕಿನಂಥವುಗಳಿಂದ ಬಂದಿತ್ತು ಎಂದು ತಿಳಿಯಿತು. ಕಾಯಿ ಒಡೆಯುವವನೆಂದು ಕರೆಸಿಕೊಂಡ ಜೀವಿ ಬಹುಪಾಲು ಹುಲ್ಲುಗಾವಲಿನಲ್ಲಿ, ನೀರಿನ ಅಂಚಿನಲ್ಲಿ ಮೇಯುತ್ತಿತ್ತು. ಸವೆತ ಮೊದಲು ಹೇಳಿದ್ದನ್ನು ರಸಾಯನ ಬೇರೆ ದಾರಿಯಿಂದ ಬಂದು ದೃಢಪಡಿಸಿತು.

ಸವೆತವನ್ನು ಇಷ್ಟು ನಂಬಬಹುದು ಎಂದು ವಿಜ್ಞಾನಿಗಳಿಗೆ ಧೈರ್ಯ ಬಂದದ್ದು ಬದುಕಿರುವ ಪ್ರಾಣಿಗಳಿಂದ. ತಾಂಜಾನಿಯಾದ ಸೆರೆಂಗೆಟಿಯಲ್ಲಿ ಮೊಲದ ಗಾತ್ರದ ಹೈರಾಕ್ಸ್ ಎಂಬ ಪ್ರಾಣಿಯ ಎರಡು ಪ್ರಭೇದಗಳು ಒಂದೇ ಬಂಡೆಗುಡ್ಡದಲ್ಲಿ ವಾಸಿಸುತ್ತವೆ. ಒಂದು ಸದಾ ಸೊಪ್ಪು ತಿನ್ನುತ್ತದೆ. ಇನ್ನೊಂದು ಮಳೆಗಾಲದಲ್ಲಿ ಹುಲ್ಲು ಮೇಯುತ್ತದೆ, ಬೇಸಗೆಯಲ್ಲಿ ಸೊಪ್ಪಿಗೆ ತಿರುಗುತ್ತದೆ. 1978ರಲ್ಲಿ ಆಲನ್ ವಾಕರ್ ಮತ್ತು ಸಂಗಡಿಗರು ಇವುಗಳ ಹಲ್ಲು ಪರೀಕ್ಷಿಸಿ, ಹುಲ್ಲು ಮೇಯುವ ಕಾಲದ ಹಲ್ಲಿನಲ್ಲಿ ಸಣ್ಣ ಗೀರುಗಳು ತುಂಬಿರುವುದನ್ನೂ ಸೊಪ್ಪಿನ ಕಾಲದಲ್ಲಿ ಅವು ಅಳಿಸಿಹೋಗುವುದನ್ನೂ ತೋರಿಸಿದರು. ಆ ಗೀರು ಎಳೆಯುವುದು ಹುಲ್ಲಿನೊಳಗಿನ ಸಿಲಿಕಾ ಕಣಗಳು ಎಂದು ಆಗ ಅರ್ಥೈಸಲಾಯಿತು. ಕಬ್ಬಿನ ಗದ್ದೆಯಲ್ಲಿ ದುಡಿದವರ ಮೈ ಕೈ ಕೊಯ್ಯುವ ಗರಿಯಂಚಿನಲ್ಲಿರುವುದೂ ಇದೇ ಸಿಲಿಕಾ.

ಆದರೆ ಸವೆತವನ್ನು ಓದುವವರು ಅದರ ಮಿತಿಗಳನ್ನೂ ಒಪ್ಪಿಕೊಳ್ಳಬೇಕು. ಹೈರಾಕ್ಸ್ ಹಲ್ಲಿನಲ್ಲಿ ಋತುವಿಗೆ ತಕ್ಕಂತೆ ಗೀರು ಬದಲಾಗುತ್ತದೆ ಎಂದರೆ, ಒಂದು ಹಲ್ಲಿನ ಸೂಕ್ಷ್ಮ ಗುರುತು ಇಡೀ ಬದುಕಿನ ಊಟವನ್ನು ಹೇಳುವುದಿಲ್ಲ, ಕೊನೆಯ ಕೆಲವು ದಿನ ಅಥವಾ ವಾರಗಳ ಊಟವನ್ನಷ್ಟೇ ಹೇಳುತ್ತದೆ. ಬಾಯ್ಸಿ ವರ್ಷಕ್ಕೊಮ್ಮೆ ಬರಗಾಲದಲ್ಲಿ ಗಟ್ಟಿ ಕಾಯಿ ಒಡೆದಿದ್ದರೆ, ಆ ತಿಂಗಳಲ್ಲಿ ಸತ್ತ ಜೀವಿಯ ಹಲ್ಲು ಸಿಕ್ಕರೆ ಮಾತ್ರ ನಮಗೆ ಅದು ತಿಳಿದೀತು. ಹಾಗಾಗಿಯೇ ಒಂದು ಹಲ್ಲಿನ ಮಾತಿಗಿಂತ ಹಲವು ಕಾಲದ, ಹಲವು ನೆಲೆಯ ಏಳು ಹಲ್ಲುಗಳ ಮಾತಿಗೆ ಬೆಲೆ ಹೆಚ್ಚು.

ಎರಡನೆಯ ತೊಡಕು ದೂಳು. ಎನಾಮೆಲ್‌ನ ಕಾಠಿಣ್ಯ ಮೋಸ್ ಮಾಪಕದಲ್ಲಿ ಸುಮಾರು 5. ಮರಳಿನಲ್ಲಿರುವ ಕ್ವಾರ್ಟ್ಸ್ 7. ಪೀಟರ್ ಲ್ಯೂಕಸ್ ಮತ್ತು ಸಂಗಡಿಗರು 2013ರಲ್ಲಿ, ಎನಾಮೆಲ್ಲನ್ನು ಕಿತ್ತು ತೆಗೆಯುವುದು ಕ್ವಾರ್ಟ್ಸ್ ಕಣವೇ, ಗಿಡದ ಸಿಲಿಕಾ ಕಣ ಅದನ್ನು ಒತ್ತುತ್ತದೆಯೇ ಹೊರತು ಕೀಳಲಾರದು ಎಂದು ವಾದಿಸಿದರು. ಬೇರೆ ಪ್ರಯೋಗಗಳು ಇದನ್ನು ಪ್ರಶ್ನಿಸಿವೆ, ಚರ್ಚೆ ನಡೆದೇ ಇದೆ. ಲ್ಯೂಕಸ್ ಹೇಳುವುದು ಸರಿಯಾದರೆ, ಕೆಲವು ಗೀರುಗಳು ತಿಂದ ವಸ್ತುವಿಗಿಂತ ಅದರ ಮೇಲೆ ಕೂತಿದ್ದ ದೂಳಿನ ಕಥೆಯನ್ನೇ ಹೆಚ್ಚು ಹೇಳುತ್ತವೆ.

ಮೂರನೆಯದು, ಬಾಯಿ ಬರೀ ಉಣ್ಣುವ ಸಾಧನವಲ್ಲ. ಯುರೋಪಿನ ನಿಯಾಂಡರ್ತಾಲರ ಬಾಚಿಹಲ್ಲುಗಳು ದವಡೆಹಲ್ಲುಗಳಿಗಿಂತ ಬೇಗ ಸವೆದಿವೆ, ಅವುಗಳ ಮುಂಭಾಗದಲ್ಲಿ ಓರೆ ಗೀರುಗಳಿವೆ. ಮಾಂಸವನ್ನೋ ತೊಗಲನ್ನೋ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿ ಎಡಗೈಯಲ್ಲಿ ಹಿಡಿದು, ಬಲಗೈಯ ಕಲ್ಲಿನ ಅಲಗಿನಿಂದ ಕೊಯ್ಯುವಾಗ ಅಲಗು ಜಾರಿ ಹಲ್ಲಿಗೆ ತಾಗಿದ ಗುರುತುಗಳವು. ಗೀರುಗಳ ಓರೆಯನ್ನು ನೋಡಿ ಅವರಲ್ಲಿ ಹೆಚ್ಚಿನವರು ಬಲಗೈಯವರು ಎಂದೂ ಹೇಳಲಾಗಿದೆ. ತೊಗಲನ್ನು ಹಲ್ಲಿನಿಂದ ಹದ ಮಾಡುತ್ತಿದ್ದ ಇನುಯಿಟ್ ಜನರಲ್ಲೂ ಮುಂದಿನ ಹಲ್ಲುಗಳು ಹೀಗೆ ಸವೆಯುತ್ತಿದ್ದವು. ಇಲ್ಲಿ ಸವೆತ ದುಡಿಮೆಯ ದಾಖಲೆ. ಅದನ್ನು ಊಟದ ದಾಖಲೆ ಎಂದು ಓದಿದರೆ ದಾರಿ ತಪ್ಪುತ್ತೇವೆ.

ನಾಲ್ಕನೆಯದು ವಯಸ್ಸು. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಎಂದು ವಯಸ್ಸು ಹೇಳುವ ರೈತನ ಹಾಗೆ, ಪುರಾತತ್ವದವರೂ ಹಲ್ಲಿನಿಂದ ಸತ್ತವರ ವಯಸ್ಸು ಅಂದಾಜು ಮಾಡುತ್ತಾರೆ. ಮರಳು ಬೆರೆತ ರೊಟ್ಟಿ ತಿಂದವರ ಮೂವತ್ತರ ಹಲ್ಲು, ಮೆತ್ತನೆ ಉಂಡವರ ಅರವತ್ತರ ಹಲ್ಲಿನಂತೆ ಕಾಣಬಹುದು. ಒಂದು ಊರಿನ ಸವೆತದ ವೇಗವನ್ನು ಆ ಊರಿನ ಮಕ್ಕಳ, ಯುವಕರ ಹಲ್ಲಿನಿಂದಲೇ ಮೊದಲು ಲೆಕ್ಕ ಹಾಕಿಕೊಳ್ಳದೆ ಮುಂದಿನ ಮಾತು ಆಡುವಂತಿಲ್ಲ.

ಈ ಎಚ್ಚರಗಳನ್ನು ಇಟ್ಟುಕೊಂಡು ಓದಿದಾಗ ಸವೆತ ಎಷ್ಟು ಆಳಕ್ಕೆ ಹೋಗಬಲ್ಲದು ಎಂಬುದಕ್ಕೆ ಸಿರಿಯಾದ ಅಬು ಹುರೇರಾಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯೂಫ್ರಟೀಸ್ ದಂಡೆಯಲ್ಲಿ ಸುಮಾರು 13,000 ವರ್ಷಗಳ ಹಿಂದೆ ಜನ ನೆಲೆನಿಂತ ಊರು ಅದು. ಬೇಟೆ, ಸಂಗ್ರಹಣೆಯಿಂದ ಬೇಸಾಯಕ್ಕೆ ಜನ ಹೊರಳಿದ್ದು ಅಲ್ಲಿಯ ಮಣ್ಣಿನ ಪದರಗಳಲ್ಲಿ ಕಾಣುತ್ತದೆ. ಅಣೆಕಟ್ಟೆಯ ನೀರಿನಲ್ಲಿ ಮುಳುಗುವ ಮುಂಚೆ 1972–73ರಲ್ಲಿ ಆಂಡ್ರ್ಯೂ ಮೂರ್ ಅಲ್ಲಿ ಉತ್ಖನನ ನಡೆಸಿದರು. ಸಿಕ್ಕ ಅಸ್ಥಿಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಥೇಯಾ ಮೋಲಿಸನ್ ವರ್ಷಗಟ್ಟಲೆ ಅಭ್ಯಾಸ ಮಾಡಿದರು.

ಅವರು ಕಂಡದ್ದು ಇದು. ಆರಂಭದ ಕಾಲದ ಹಲ್ಲುಗಳು ವಿಪರೀತ ಸವೆದಿವೆ, ಕೆಲವು ಸೀಳಿವೆ. ಕಲ್ಲಿನ ಮೇಲೆ ಕಾಳು ಅರೆದಾಗ ಕಲ್ಲೂ ಸವೆಯುತ್ತದೆ, ಅದರ ಪುಡಿ ಹಿಟ್ಟಿಗೆ ಬೀಳುತ್ತದೆ. ಬೀಸುವ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಸಿದ ದಿನದ ಹಿಟ್ಟು ಬಾಯಲ್ಲಿ ಕರಕರ ಎನ್ನುವುದನ್ನು ನಮ್ಮ ಹಿರಿಯರು ಬಲ್ಲರು. ಅಬು ಹುರೇರಾದವರು ಆ ಕರಕರವನ್ನು ಪ್ರತಿ ತುತ್ತಿನಲ್ಲೂ ಅಗಿದರು. ಮೋಲಿಸನ್ ಅಲ್ಲಿಗೇ ನಿಲ್ಲದೆ ಕಾಲ್ಬೆರಳು, ಮೊಣಕಾಲು, ಸೊಂಟದ ಮೂಳೆಗಳನ್ನೂ ನೋಡಿದರು. ಗಂಟೆಗಟ್ಟಲೆ ಮಂಡಿಯೂರಿ, ಕಾಲ್ಬೆರಳು ಮಡಿಸಿ, ಮುಂದಕ್ಕೆ ಹಿಂದಕ್ಕೆ ಬಾಗಿ ಅರೆದವರ ಮೂಳೆ ಬಾಗಿ, ಕೀಲು ಸವೆದಿತ್ತು. ಆ ಮೂಳೆಗಳು ಬಹುಪಾಲು ಹೆಂಗಸರವು. ಊರಿನವರೆಲ್ಲ ಉಂಡ ಹಿಟ್ಟಿನ ಗುರುತು ಎಲ್ಲರ ಹಲ್ಲಿನಲ್ಲಿದೆ, ಅದನ್ನು ಅರೆದ ನೋವಿನ ಗುರುತು ಹೆಂಗಸರ ಬೆನ್ನಿನಲ್ಲಿದೆ. ಬೇಸಾಯದ ಹುಟ್ಟನ್ನು ನಾಗರಿಕತೆಯ ಗೆಲುವೆಂದು ಬರೆಯುವ ಇತಿಹಾಸ ಈ ಬೆನ್ನುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂದಿನ ಪದರಗಳಲ್ಲಿ ಹಲ್ಲಿನ ಸವೆತ ಇಳಿಯುತ್ತದೆ. ಹಿಟ್ಟು, ಕಾಳು ಸೋಸುವ ಹೆಣಿಗೆಯ ಜರಡಿ ಬಂದದ್ದರಿಂದ ಕಲ್ಲು ಕಡಿಮೆಯಾಯಿತು ಎಂಬುದು ಮೋಲಿಸನ್ ಅವರ ವಿವರಣೆ. ಕೆಲವರ ಮುಂದಿನ ಹಲ್ಲುಗಳಲ್ಲಿ ನಾರು ಎಳೆದೆಳೆದು ಬಿದ್ದ ಕಚ್ಚುಗಳಿವೆ. ಬುಟ್ಟಿ, ಚಾಪೆ ಹೆಣೆಯುವ ಕಸುಬು ಊರಿನ ಕೆಲವರ ಪಾಲಿಗೆ ಬಂದಿತ್ತೆಂದು ಅದರಿಂದ ಊಹಿಸಬಹುದು. ಆಮೇಲೆ ಮಡಕೆ ಬಂತು. ಕಾಳನ್ನು ಬೇಯಿಸಿ ಗಂಜಿ ಮಾಡಿದರು, ಹಲ್ಲಿಗೆ ವಿರಾಮ ಸಿಕ್ಕಿತು. ಅದರ ಜೊತೆಗೇ ಹುಳುಕು ಹಲ್ಲು ಹೆಚ್ಚಿತು. ಬೆಂದ ಪಿಷ್ಟ ಹಲ್ಲಿಗೆ ಅಂಟಿ ಕೂರುತ್ತದೆ, ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಒಂದು ಕಷ್ಟ ಕಳೆದಲ್ಲಿ ಇನ್ನೊಂದು ಹುಟ್ಟಿತು.

ಸವೆತದ ಆಕಾರವೂ ಬದಲಾಯಿತು. ಹಾಲಿ ಸ್ಮಿತ್ 1984ರಲ್ಲಿ ತೋರಿಸಿದಂತೆ, ನಾರು ತುಂಬಿದ ಗಡುಸು ಆಹಾರ ಅಗಿದ ಬೇಟೆಗಾರರ ದವಡೆಹಲ್ಲು ಸಪಾಟಾಗಿ ಸವೆಯುತ್ತದೆ, ಅರೆದು ಬೇಯಿಸಿದ್ದನ್ನು ತಿಂದ ಬೇಸಾಯಗಾರರ ಹಲ್ಲು ಓರೆಯಾಗಿ ಸವೆಯುತ್ತದೆ. ಅರೆದ ಮಾತ್ರಕ್ಕೆ ಹಲ್ಲು ಸುಖವಾಗಿತ್ತು ಎಂದೂ ಅಲ್ಲ. ಮರಳುಗಾಡಿನ ನಡುವೆ ಗೋಧಿ ಅರೆದ ಪ್ರಾಚೀನ ಈಜಿಪ್ಟಿನವರ ಹಲ್ಲುಗಳು ಎನಾಮೆಲ್ ಕಳೆದು, ಡೆಂಟಿನ್ ಸವೆದು, ಒಳಗಿನ ನರದ ಕುಹರ ತೆರೆದುಕೊಂಡು ಕೀವುಗಟ್ಟಿದ್ದು ಮಮ್ಮಿಗಳಲ್ಲಿ ಕಾಣುತ್ತದೆ. ಬ್ರಿಟನ್ನಿನ ದಂತವೈದ್ಯ ಫಿಲ್ಸ್ ಲೀಕ್ 1972ರಲ್ಲಿ ಸಮಾಧಿಗಳಲ್ಲಿ ಸಿಕ್ಕ ಹಳೆಯ ರೊಟ್ಟಿಯ ಚೂರುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಕಲ್ಲು ಮರಳಿನ ಕಣ ಬೆರೆತಿರುವುದನ್ನು ತೋರಿಸಿದರು. ಇಮ್ಮಡಿ ರಾಮೆಸಿಸ್‌ನಂಥ ದೊರೆಯ ಮಮ್ಮಿಯಲ್ಲೂ ಹಲ್ಲು ಬಹಳವಾಗಿ ಸವೆದು ಬುಡದಲ್ಲಿ ಕೀವುಗಟ್ಟಿದ ಗುರುತಿದೆ. ರೊಟ್ಟಿಯ ಮರಳಿಗೆ ಅರಸ, ಆಳು ಎಂಬ ಭೇದವಿರಲಿಲ್ಲ.

ನಮ್ಮ ಉಪಖಂಡದ ಹಲ್ಲುಗಳನ್ನು ದಶಕಗಳ ಕಾಲ ಓದಿದವರು ಜಾನ್ ಲುಕಾಕ್ಸ್. ಗಂಗಾ ಬಯಲಿನ ಮಹದಹಾ, ದಮದಮಾಗಳಂಥ ಮಧ್ಯಶಿಲಾಯುಗದ ನೆಲೆಗಳ ಬೇಟೆಗಾರರಲ್ಲಿ ಸವೆತ ಹೆಚ್ಚು, ಹುಳುಕು ತೀರ ಕಡಿಮೆ. ಬೇಸಾಯ ಬೇರೂರಿದ ಹರಪ್ಪಾದಲ್ಲಿ ಹುಳುಕು ಎದ್ದು ಕಾಣುತ್ತದೆ, ಅದೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೆಂಗಸರು ಪಿಷ್ಟವನ್ನು ಹೆಚ್ಚು ತಿಂದದ್ದು ಒಂದು ಕಾರಣವಿರಬಹುದು. ಬೇಸಾಯದೊಂದಿಗೆ ಹೆರಿಗೆಗಳು ಹೆಚ್ಚಿ, ಬಸಿರಿನ ಕಾಲದಲ್ಲಿ ಜೊಲ್ಲಿನ ಗುಣ ಬದಲಾಗಿ ಹಲ್ಲು ಕೆಟ್ಟದ್ದು ಇನ್ನೊಂದು ಕಾರಣ ಎಂದು ಲುಕಾಕ್ಸ್ ವಾದಿಸಿದ್ದಾರೆ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7,500ರಿಂದ 9,000 ವರ್ಷಗಳಷ್ಟು ಹಳೆಯ ಸಮಾಧಿಗಳ ಒಂಬತ್ತು ಜನರ ಹನ್ನೊಂದು ದವಡೆಹಲ್ಲುಗಳಲ್ಲಿ ಕಲ್ಲಿನ ಬೈರಿಗೆಯಿಂದ ಕೊರೆದ ತೂತುಗಳಿವೆ ಎಂಬ ವರದಿ 2006ರಲ್ಲಿ ಪ್ರಕಟವಾಯಿತು. ಕೊರೆದ ಅಂಚು ಆಮೇಲಿನ ಅಗಿತದಿಂದ ನುಣುಪಾಗಿದೆ. ಎಂದರೆ ಕೊರೆಸಿಕೊಂಡವರು ಬದುಕಿದ್ದರು, ಆ ಹಲ್ಲಿನಲ್ಲೇ ಮತ್ತೆ ಉಂಡರು.

ಬೇಟೆಗಾರರೆಂದರೆ ಒಳ್ಳೆಯ ಹಲ್ಲು, ಬೇಸಾಯಗಾರರೆಂದರೆ ಹುಳುಕು ಎಂದು ಸೂತ್ರ ಕಟ್ಟುವ ಆಸೆ ಇಲ್ಲಿ ಹುಟ್ಟುತ್ತದೆ. ಪೇಲಿಯೋ ಆಹಾರದ ಪ್ರಚಾರಕರು ಕಟ್ಟಿದ್ದೂ ಇದನ್ನೇ. ಮೊರೊಕ್ಕೊದ ತಾಫೊರಾಲ್ಟ್ ಗುಹೆ ಈ ಸೂತ್ರವನ್ನು ಮುರಿಯುತ್ತದೆ. ಸುಮಾರು 15,000ದಿಂದ 13,700 ವರ್ಷಗಳ ಹಿಂದೆ ಅಲ್ಲಿದ್ದವರು ಬೇಸಾಯವನ್ನೇ ಕಾಣದ ಬೇಟೆಗಾರರು. ಲೂಯಿಸ್ ಹಂಫ್ರಿ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದಂತೆ, ಅಲ್ಲಿಯ ವಯಸ್ಕರ ಹಲ್ಲುಗಳಲ್ಲಿ ಅರ್ಧಕ್ಕೂ ಹೆಚ್ಚು ಹುಳುಕಾಗಿದ್ದವು. ಕಾರಣ, ಅವರು ಕೂಡಿಟ್ಟು ತಿನ್ನುತ್ತಿದ್ದ ಓಕ್ ಕಾಯಿ, ಪೈನ್ ಬೀಜಗಳ ಪಿಷ್ಟ. ಶಿಲಾಯುಗದವರಾಗಿದ್ದೂ ಅವರು ಹಲ್ಲುನೋವಿನಲ್ಲಿ ನರಳಿದರು.

ನಿಯಾಂಡರ್ತಾಲರ ವಿಷಯದಲ್ಲೂ ಹೀಗೆಯೇ. ಅವರನ್ನು ಮಾಂಸವೊಂದನ್ನೇ ತಿಂದವರೆಂದು ಬಣ್ಣಿಸುವುದು ರೂಢಿ. ಲೂಕಾ ಫಿಯೊರೆಂಜಾ ಮತ್ತು ಸಂಗಡಿಗರು 2011ರಲ್ಲಿ ಅವರ ದವಡೆಹಲ್ಲಿನ ಸವೆತವನ್ನು ಪ್ರದೇಶವಾರು ಹೋಲಿಸಿದಾಗ, ಉತ್ತರದ ಚಳಿ ಬಯಲಿನವರ ಸವೆತ ಮಾಂಸಪ್ರಧಾನ ಊಟಕ್ಕೂ ಮೆಡಿಟರೇನಿಯನ್ ಕಾಡಿನವರ ಸವೆತ ಬಗೆಬಗೆಯ ಊಟಕ್ಕೂ ಹೊಂದಿತು. ಹಲ್ಲಿಗೆ ಗಟ್ಟಿಯಾಗಿ ಕಟ್ಟಿಕೊಂಡ ಪಾಚಿಯೂ ಇದನ್ನೇ ಹೇಳಿತು. 2017ರ ಅಧ್ಯಯನವೊಂದರಲ್ಲಿ ಬೆಲ್ಜಿಯಂನ ಸ್ಪೈ ಗುಹೆಯವರ ಪಾಚಿಯಲ್ಲಿ ಉಣ್ಣೆ ಖಡ್ಗಮೃಗದ ಡಿಎನ್‌ಎ ಸಿಕ್ಕರೆ, ಸ್ಪೇನಿನ ಎಲ್ ಸಿದ್ರೋನ್ ಗುಹೆಯವರಲ್ಲಿ ಅಣಬೆ, ಪೈನ್ ಬೀಜ, ಹಾವಸೆ ಸಿಕ್ಕವು. ಒಂದೇ ಜಾತಿಯ ಮನುಷ್ಯರು ಆಯಾ ನೆಲ ಕೊಟ್ಟದ್ದನ್ನು ಉಂಡು ಬದುಕಿದರು.

ಒಂದು ಆಕ್ಷೇಪ ಬರಬಹುದು: ಗೀರು ಕೆಲವೇ ದಿನದ್ದು, ದೂಳು ಅದನ್ನು ಕೆಡಿಸುತ್ತದೆ, ದುಡಿಮೆ ಅದನ್ನು ಮರೆಸುತ್ತದೆ ಎಂದಮೇಲೆ ಈ ಸಾಕ್ಷಿಯನ್ನು ನಂಬುವುದೇಕೆ? ಒಂದೊಂದೇ ಸಾಕ್ಷಿಯನ್ನು ಪೂರ್ತಿ ನಂಬಬೇಕಾಗಿಲ್ಲ ಎಂಬುದೇ ಉತ್ತರ. ಗೀರು ಕೊನೆಯ ದಿನಗಳನ್ನು, ಒಟ್ಟು ಸವೆತ ಇಡೀ ಬದುಕನ್ನು, ಎನಾಮೆಲ್‌ನ ಇಂಗಾಲ ಬಾಲ್ಯವನ್ನು, ಪಾಚಿ ತಿಂದ ವಸ್ತುವಿನ ತುಣುಕನ್ನೇ ಉಳಿಸಿಕೊಂಡಿರುತ್ತವೆ. ಒಂದರ ದೋಷ ಇನ್ನೊಂದಕ್ಕಿಲ್ಲ. ಬಾಯ್ಸಿಯ ವಿಷಯದಲ್ಲಾದಂತೆ ಎರಡು ಸ್ವತಂತ್ರ ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸಿದರೆ, ಅರ್ಧ ಶತಮಾನದ ನಂಬಿಕೆಯನ್ನು ಬಿಡಲೇಬೇಕಾಗುತ್ತದೆ.

ಇದು ನಮಗೆ ದೂರದ ವಿಷಯವಲ್ಲ. ಬಳ್ಳಾರಿಯ ಸಂಗನಕಲ್ಲು ಬೆಟ್ಟಗಳಲ್ಲಿ ನವಶಿಲಾಯುಗದವರು ಅರೆದ ಕಲ್ಲಿನ ನುಣ್ಣನೆಯ ತಗ್ಗುಗಳು ಇಂದಿಗೂ ಇವೆ. ದಕ್ಷಿಣದ ಆ ಕಾಲದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳಿಂದ ಅವರು ಕೊರಲೆ, ಹುರುಳಿ, ಹೆಸರು ತಿಂದರೆಂದು ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಯಾರು ಯಾವುದನ್ನು ಎಷ್ಟು ತಿಂದರು ಎಂಬುದನ್ನು ಹೇಳಬಲ್ಲದ್ದು ಹಲ್ಲು. ಹಿಂದೆ ಉತ್ಖನನದಲ್ಲಿ ಸಿಕ್ಕ ಹಲ್ಲುಗಳನ್ನು ಚೊಕ್ಕಟ ಮಾಡುವ ಭರದಲ್ಲಿ ಪಾಚಿಯನ್ನು ಕೆರೆದು ಎಸೆದದ್ದುಂಟು. ಇನ್ನು ಮುಂದೆ ನಮ್ಮ ನೆಲದಲ್ಲಿ ಸಿಗುವ ಒಂದೊಂದು ಹಲ್ಲನ್ನೂ ಕೆರೆಯದೆ, ಬಣ್ಣ ಬಳಿಯದೆ, ಸಿಕ್ಕ ಪದರದ ವಿವರದೊಂದಿಗೆ ಕಾಪಾಡಬೇಕು. ಶಾಸನವನ್ನು ಕಾಪಾಡುವಷ್ಟೇ ಜತನ ಇದಕ್ಕೂ ಸಲ್ಲಬೇಕು. ಶಾಸನ ಹೆಚ್ಚಾಗಿ ಅರಸರ, ಉಳ್ಳವರ ಮಾತು ಹೇಳುತ್ತದೆ. ಹೆಸರಿಲ್ಲದೆ ಅರೆದು, ಬೇಯಿಸಿ, ಉಂಡು ಸತ್ತವರ ಮಾತು ಉಳಿದಿರುವುದು ಹಲ್ಲಿನಲ್ಲೇ.

ಇಷ್ಟು ಸಾಕ್ಷಿಗಳನ್ನು ಕೇಳಿದ ಮೇಲೆ ತೀರ್ಪು ಸ್ಪಷ್ಟ. ಪ್ರಾಚೀನರ ಆಹಾರ ಎಂಬ ಒಂದೇ ಒಂದು ಆಹಾರ ಎಂದೂ ಇರಲಿಲ್ಲ. ಪೂರ್ವಜರು ತಿಂದರೆಂಬ ಕಾರಣಕ್ಕೆ ಯಾವ ಆಹಾರವೂ ನಮಗೆ ಕಡ್ಡಾಯವಾಗುವುದಿಲ್ಲ, ತಿನ್ನಲಿಲ್ಲವೆಂಬ ಕಾರಣಕ್ಕೆ ನಿಷಿದ್ಧವೂ ಆಗುವುದಿಲ್ಲ. ಏನು ಉಣ್ಣಬೇಕೆಂಬುದನ್ನು ಇಂದಿನ ಆರೋಗ್ಯ, ಇಂದಿನ ನೆಲ, ಇಂದಿನ ನ್ಯಾಯವನ್ನು ನೋಡಿ ನಾವೇ ತೀರ್ಮಾನಿಸಬೇಕು. ಪೂರ್ವಜರ ಹೆಸರಿನಲ್ಲಿ ನಿಮ್ಮ ತಟ್ಟೆಗೆ ಯಾರಾದರೂ ಕಟ್ಟಳೆ ವಿಧಿಸಲು ಬಂದರೆ ಯಾವ ಪೂರ್ವಜ, ಯಾವ ನೆಲ, ಯಾವ ಋತು ಎಂದು ಕೇಳಿ. ಆ ಮೂರು ಪ್ರಶ್ನೆಗೆ ಉತ್ತರ ಕೊಡದ ವಾದವನ್ನು ಒಪ್ಪಬೇಡಿ.